ನಸುಗುನ್ನಿ, ಅಡಿಕೆ, ಕೊಬ್ಬರಿ ಎಣ್ಣೆ: ಮೆದುಳಿನ ಬೇಲಿ ದಾಟಲು ಹೊರಟ ಮದ್ದುಗಳ ಕಥೆ

ಅರಸೀಕೆರೆ ಸೀಮೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿಸಿದರೆ ವಯಸ್ಸಾದವರ ಮರೆವಿನ ಕಾಯಿಲೆ ವಾಸಿಯಾಗುತ್ತದೆ, ಅಮೆರಿಕದ ಡಾಕ್ಟರೇ ಹೇಳಿದ್ದಾರೆ, ಎಲ್ಲರಿಗೂ ಕಳಿಸಿ. ಕೊಬ್ಬರಿ ಮಾರ್ಕೆಟ್ ಇರುವ ಊರು ನಮ್ಮದು. ಇಂಥ ಮೆಸೇಜು ಇಲ್ಲಿ ಬೇರೆ ಕಡೆಗಿಂತ ಖುಷಿಯಿಂದ ಓಡಾಡುತ್ತದೆ. ಬೇಲೂರು ಕಡೆ ಹೋದರೆ ಇದೇ ಮಾತು ಒಂದೆಲಗದ ಬಗ್ಗೆ, ಹಳೇಬೀಡು ಕಡೆ ಅಶ್ವಗಂಧದ ಬಗ್ಗೆ.

ಈ ಮೆಸೇಜುಗಳನ್ನು ನೋಡಿ ನಗುವುದು ಸುಲಭ. ಆದರೆ ಅದನ್ನು ಕಳಿಸುವವರ ಮನೆಯಲ್ಲಿ ಒಬ್ಬ ಅಜ್ಜಿಯೋ ತಾತನೋ ಮಗನ ಹೆಸರು ಮರೆತು ಕೂತಿರುತ್ತಾರೆ, ಅದಕ್ಕೇ ಕಳಿಸುತ್ತಾರೆ. ಹಾಗಾಗಿ ನಗುವ ಬದಲು ಒಂದು ಪ್ರಶ್ನೆ ಕೇಳೋಣ. ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗುತ್ತದೆ, ಹೊಟ್ಟೆಯಿಂದ ರಕ್ತಕ್ಕೆ ಹೋಗುತ್ತದೆ. ರಕ್ತದಿಂದ ಮೆದುಳಿಗೆ ಹೋಗುತ್ತದಾ?

ಬಹಳಷ್ಟು ಮದ್ದು ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎನ್ನುವುದಕ್ಕೆ 140 ವರ್ಷಗಳ ಕಥೆ ಇದೆ. ಆ ಕಥೆಯಲ್ಲಿ ನಮ್ಮ ಹಿತ್ತಲಿನ ಗಿಡಗಳೂ ಬರುತ್ತವೆ.

ಬಣ್ಣ ಹತ್ತದ ಮೆದುಳು

1885. ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿಜ್ಞಾನಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ, ಅದು ದೇಹದಲ್ಲಿ ಎಲ್ಲೆಲ್ಲಿ ಹತ್ತುತ್ತದೆ ಎಂದು ನೋಡುತ್ತಿದ್ದರು. ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮೆದುಳು ಮಾತ್ರ ಬೆಳ್ಳಗೇ ಉಳಿಯಿತು. ಮೆದುಳಿಗೆ ಬಣ್ಣ ಹಿಡಿಯುವ ಗುಣವಿಲ್ಲ ಅಷ್ಟೇ ಎಂದು ಎರ್ಲಿಕ್ ಅಂದುಕೊಂಡರು.

ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಇದನ್ನೇ ತಿರುಗಿಸಿ ನೋಡಿದರು. ಬಣ್ಣವನ್ನು ರಕ್ತಕ್ಕೆ ಬಿಡದೆ, ಮೆದುಳನ್ನು ಸುತ್ತುವರಿದ ನೀರಿನಂಥ ದ್ರವಕ್ಕೆ ಬಿಟ್ಟರು. ಈ ಸಲ ಮೆದುಳೆಲ್ಲ ನೀಲಿ, ಉಳಿದ ದೇಹಕ್ಕೆ ಬಣ್ಣವಿಲ್ಲ. ಅಂದರೆ ಮೆದುಳಿಗೆ ಬಣ್ಣ ಹಿಡಿಯುವ ಗುಣ ಇದೆ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬೇಲಿ ಇದೆ, ಅದು ಬಿಡುತ್ತಿಲ್ಲ.

ಆ ಬೇಲಿ ಕಣ್ಣಿಗೆ ಬೀಳಲು ಇನ್ನೂ ಐವತ್ತು ವರ್ಷ ಹಿಡಿಯಿತು. 1967ರಲ್ಲಿ ಹಾರ್ವರ್ಡ್‌ನ ಥಾಮಸ್ ರೀಸ್ ಮತ್ತು ಮೊರಿಸ್ ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮೆದುಳನ್ನು ನೋಡಿದಾಗ ಗುಟ್ಟು ಸಿಕ್ಕಿತು. ದೇಹದ ಬೇರೆ ಕಡೆ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳ ನಡುವೆ ಸಂದಿ ಇರುತ್ತದೆ, ಅಲ್ಲಿಂದ ಔಷಧಿ ಹೊರಗೆ ಜಿನುಗುತ್ತದೆ. ಮೆದುಳಿನ ರಕ್ತನಾಳದಲ್ಲಿ ಆ ಕೋಶಗಳು ಗಾರೆಯಿಲ್ಲದೆ ಕೂರಿಸಿದ ಹೊಯ್ಸಳರ ಕಲ್ಲಿನ ಹಾಗೆ ಒಂದಕ್ಕೊಂದು ಬಿಗಿಯಾಗಿ ಕೂತಿವೆ. ಒಬ್ಬ ಮನುಷ್ಯನ ಮೆದುಳಿನ ಇಂಥ ಸಣ್ಣ ನಾಳಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಎನ್ನುತ್ತಾರೆ. ಅರಸೀಕೆರೆಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಎರಡು ಸಲ ಹೋಗಿ ಬಂದಷ್ಟು ದೂರ. ಅಷ್ಟುದ್ದಕ್ಕೂ ಈ ಬೇಲಿ ಇದೆ.

ಹಳೇಬೀಡಿನ ಸುತ್ತ ಹಳೆಯ ಕೋಟೆಗೋಡೆ ಈಗಲೂ ಅಲ್ಲಲ್ಲಿ ಕಾಣುತ್ತದೆ. ಗೋಡೆ ಎಷ್ಟೇ ಗಟ್ಟಿ ಇದ್ದರೂ ಒಳಗಿನವರು ಬದುಕಬೇಕಲ್ಲ, ಅದಕ್ಕೆ ಬಾಗಿಲು ಬೇಕೇ ಬೇಕು. ಆ ಊರಿನ ಹಳೆಯ ಹೆಸರಲ್ಲೇ, ದ್ವಾರಸಮುದ್ರದಲ್ಲಿ, ದ್ವಾರ ಇದೆ. ಮೆದುಳಿನ ಬೇಲಿಗೂ ಹಾಗೇ ಬಾಗಿಲುಗಳಿವೆ. ಸಕ್ಕರೆಗೆ ಒಂದು, ನಾವು ತಿನ್ನುವ ಬೇಳೆಕಾಳಿನ ಪ್ರೋಟೀನು ಕರಗಿ ಆಗುವ ಅಮೈನೋ ಆಮ್ಲಗಳಿಗೆ ಒಂದು, ಕಬ್ಬಿಣಾಂಶಕ್ಕೆ ಒಂದು. ಇನ್ನು ಕೆಲವಕ್ಕೆ ಬಾಗಿಲೂ ಬೇಡ, ಗೋಡೆಯನ್ನೇ ತೂರಿಕೊಂಡು ಹೋಗುತ್ತವೆ: ಆಮ್ಲಜನಕ, ಸಾರಾಯಿ, ಬೀಡಿಯ ನಿಕೋಟಿನ್. ಬೇಲೂರು ಕಡೆಯ ಕಾಫಿಯಲ್ಲಿರುವ ಕೆಫೀನೂ ಅಷ್ಟೇ, ಕುಡಿದ ಸ್ವಲ್ಪ ಹೊತ್ತಿಗೇ ಎಚ್ಚರ ಆಗುವುದು ಅದಕ್ಕೇ. ಮನುಷ್ಯ ಕಂಡುಹಿಡಿದ ಮದ್ದುಗಳಲ್ಲಿ ಮಾತ್ರ ನೂರಕ್ಕೆ 98ರಷ್ಟು ಒಳಗೆ ಹೋಗುವುದಿಲ್ಲ ಎಂಬ ಲೆಕ್ಕ ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ಇದೆ.

ಬೇಲಿ ಇರುವುದು ನಮ್ಮ ಒಳ್ಳೆಯದಕ್ಕೇ. ರಕ್ತದಲ್ಲಿ ಓಡಾಡುವ ವಿಷ, ರೋಗಾಣು ಮೆದುಳಿಗೆ ಹೋಗಬಾರದು. ತೊಂದರೆ ಏನೆಂದರೆ, ಒಳಗೇ ಕಾಯಿಲೆ ಬಂದಾಗ ವೈದ್ಯರನ್ನೂ ಅದು ಹೊರಗೆ ನಿಲ್ಲಿಸುತ್ತದೆ.

ಕಾಯಿಲೆಗೆ ಹೆಸರು ಬಂದಿದ್ದು

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಗಂಡ ಕರೆತಂದ. ಅವಳಿಗೆ ಮರೆವು, ಗಂಡನ ಮೇಲೆ ಸುಮ್ಮನೆ ಅನುಮಾನ, ರಾತ್ರಿಯೆಲ್ಲ ಓಡಾಟ. ಅವಳನ್ನು ನೋಡಿದ ವೈದ್ಯರ ಹೆಸರು ಅಲೋಯಿಸ್ ಅಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅವರು ಮೆದುಳನ್ನು ಸೀಳಿ ನೋಡಿದರು. ನರಕೋಶಗಳ ಹೊರಗೆ ಗಂಟು ಗಂಟಾದ ಕಸ, ಒಳಗೆ ಸಿಕ್ಕಾದ ನೂಲಿನ ಉಂಡೆಯಂಥ ಎಳೆಗಳು. ಹೊರಗಿನ ಕಸಕ್ಕೆ ಇವತ್ತು ಅಮೈಲಾಯ್ಡ್ ಎನ್ನುತ್ತಾರೆ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರನ್ನೇ ಇಟ್ಟರು.

ನಮ್ಮಲ್ಲಿ ಇದಕ್ಕೆ ಮೊದಲಿನಿಂದಲೂ ಬೇರೆ ಹೆಸರಿತ್ತು. ಅರವತ್ತಕ್ಕೆ ಅರಳುಮರಳು. ನನ್ನ ಮಟ್ಟಿಗೆ ಈ ಗಾದೆ ಮಾಡಿದಷ್ಟು ಕೆಡುಕನ್ನು ಬೇಲಿಯೂ ಮಾಡಿಲ್ಲ. ಅದರ ಮಾತಿಗೆ ಮುಂದೆ ಬರುತ್ತೇನೆ.

ನಸುಗುನ್ನಿ ಕಲಿಸಿದ ಪಾಠ

ಬೇಲಿಯನ್ನು ಮದ್ದು ಮೊದಲು ಗೆದ್ದಿದ್ದು ಅಲ್ಝೈಮರ್ ವಿಷಯದಲ್ಲಲ್ಲ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯಲ್ಲಿ. ಅದರ ಒಂದು ತುದಿ ನಮ್ಮ ಬೇಲಿಸಾಲಿನ ನಸುಗುನ್ನಿಯಲ್ಲಿದೆ. ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುವ ಅದೇ ಕಾಯಿ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ವಿಜ್ಞಾನಿಗಳು ಆ ಕಾಯಿಯ ಬೀಜದಿಂದ ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಮುಂದೆ ಏನಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಪಾರ್ಕಿನ್ಸನ್‌ನಲ್ಲಿ ಮೆದುಳಿಗೆ ಡೋಪಮಿನ್ ಕಡಿಮೆಯಾಗುತ್ತದೆ. ಹಾಗಾದರೆ ಡೋಪಮಿನ್ ಕೊಟ್ಟರಾಯಿತು ಅನ್ನಬೇಡಿ, ಅದಕ್ಕೆ ಬೇಲಿ ದಾಟಲು ಆಗುವುದಿಲ್ಲ. ಎಲ್-ಡೋಪಾ ದಾಟುತ್ತದೆ. ನೋಡಲು ಅದು ಅಮೈನೋ ಆಮ್ಲದ ಹಾಗೇ ಇರುವುದರಿಂದ ಬಾಗಿಲಲ್ಲಿ ಒಳಗೆ ಬಿಡುತ್ತಾರೆ. ಅಮೃತ ಹಂಚುವಾಗ ರಾಹು ದೇವತೆಗಳ ಸಾಲಿನಲ್ಲಿ ಹೋಗಿ ಕೂತನಲ್ಲ, ಹಾಗೆ. ಒಳಗೆ ಹೋದ ಮೇಲೆ ಅದು ಡೋಪಮಿನ್ ಆಗಿ ಬದಲಾಗುತ್ತದೆ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಸರ್ಪಗಂಧದಿಂದ ತೆಗೆದ ರೆಸರ್ಪಿನ್ ಕೊಟ್ಟು ಮೊಲಗಳನ್ನು ಅಲ್ಲಾಡದಂತೆ ಮಾಡಿ, ಎಲ್-ಡೋಪಾ ಚುಚ್ಚಿ ಮತ್ತೆ ಎಬ್ಬಿಸಿದರು. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಾಸ್ ಎಂಬ ವೈದ್ಯರು ಇದನ್ನು ರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮರಗಟ್ಟಿದ್ದವರು ಎದ್ದು ನಡೆದರು.

ಇನ್ನೊಂದು ಜಾಣತನ ಇದೆ. ಎಲ್-ಡೋಪಾದ ಬಹುಪಾಲು ದಾರಿಯಲ್ಲೇ, ಮೆದುಳಿಗೆ ಹೋಗುವ ಮೊದಲೇ ಡೋಪಮಿನ್ ಆಗಿ ವಾಂತಿ ತರಿಸುತ್ತಿತ್ತು. ಅದನ್ನು ತಡೆಯಲು ಕಾರ್ಬಿಡೋಪಾ ಎಂಬ ಜೊತೆಗಾರನನ್ನು ಸೇರಿಸಿದರು. ಈ ಕಾರ್ಬಿಡೋಪಾಗೆ ಬೇಲಿ ದಾಟಲು ಬರುವುದಿಲ್ಲ. ದಾಟದಿರುವುದೇ ಅದರ ಯೋಗ್ಯತೆ: ಹೊರಗೆ ತಡೆಯುತ್ತದೆ, ಒಳಗೆ ಕೈ ಹಾಕುವುದಿಲ್ಲ. ಇವತ್ತಿಗೂ ಪಾರ್ಕಿನ್ಸನ್ ರೋಗಿಗಳು ನುಂಗುವ ಮಾತ್ರೆಯಲ್ಲಿ ಈ ಜೋಡಿಯೇ ಸಾಮಾನ್ಯ. (ಇದನ್ನು ಓದಿ ನಸುಗುನ್ನಿ ಬೀಜ ಪುಡಿ ಮಾಡಲು ಹೊರಡಬೇಡಿ. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ, ಹೆಚ್ಚಾದರೆ ಅಪಾಯ.)

ಅಡಿಕೆ ಎಡವಿದ್ದೆಲ್ಲಿ

1976ರ ಹೊತ್ತಿಗೆ ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ವಸ್ತುವಿನ ವ್ಯವಸ್ಥೆ ಕುಸಿದಿರುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿಗಳು ಕಂಡುಕೊಂಡರು. ಅದರ ಕೆಲಸವನ್ನು ಮಾಡಬಲ್ಲ, ಬೇಲಿಯನ್ನೂ ದಾಟಬಲ್ಲ ವಸ್ತು ಯಾವುದಿದೆ ಎಂದು ಹುಡುಕಿದಾಗ ಸಿಕ್ಕಿದ್ದರಲ್ಲಿ ಒಂದು ಅರೆಕೋಲಿನ್. ಅಡಿಕೆಯ ಅರೆಕೋಲಿನ್. ನಾವು ಅಗಿಯುವ, ಬೆಳೆಯುವ, ಮಾರುವ ಅದೇ ಅಡಿಕೆ.

1981ರಲ್ಲಿ ಎಡಿನ್‌ಬರೋದ ವೈದ್ಯರು ಅಲ್ಝೈಮರ್ ರೋಗಿಗಳಿಗೆ ಅರೆಕೋಲಿನ್ ಅನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟು ನೋಡಿದರು. ಚಿತ್ರ ಗುರುತಿಸುವ ಪರೀಕ್ಷೆಯಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಹಾಗಾದರೆ ಅಡಿಕೆಯೇ ಮದ್ದಾಗಿಬಿಟ್ಟಿತಾ? ಇಲ್ಲ. ಎಳೆ ಅಡಿಕೆ ಹಾಕಿಕೊಂಡು ಸೊಕ್ಕೇರಿದವರಿಗೆ ಕಾರಣ ಹೇಳಬೇಕಾಗಿಲ್ಲ: ಬೆವರು, ಬಾಯಲ್ಲಿ ನೀರು, ಎದೆ ಡವಡವ. ಅರೆಕೋಲಿನ್ ಮೆದುಳಿಗೆ ಹೋಗುತ್ತದೆ ನಿಜ, ಆದರೆ ಹೊಟ್ಟೆಗೂ ಹೃದಯಕ್ಕೂ ಬೆವರಿನ ಗ್ರಂಥಿಗೂ ಹೋಗುತ್ತದೆ. ಅಲ್ಲದೆ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಇನ್ನು ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬೆಳೆಗಾರರಿಗೆ ಈ ಮಾತು ಹಿಡಿಸುವುದಿಲ್ಲ ಎಂದು ನನಗೆ ಗೊತ್ತು.

ಅಡಿಕೆಯ ಸೋಲಿನಿಂದ ಒಂದು ವಿಷಯ ಗಟ್ಟಿಯಾಯಿತು. ಬೇಲಿ ದಾಟಿದರೆ ಸಾಲದು, ಮದ್ದು ಅಲ್ಲಿಗೆ ಮಾತ್ರ ಹೋಗಬೇಕು, ಅಲ್ಲೇ ನಿಂತು ಕೆಲಸ ಮಾಡಬೇಕು. ಗುರಿಯಿಟ್ಟು ಮದ್ದು ತಲುಪಿಸುವುದು ಎಂದು ಇವತ್ತು ವಿಜ್ಞಾನಿಗಳು ಹೇಳುವುದು ಇದನ್ನೇ.

ಅಸಿಟೈಲ್‌ಕೋಲಿನ್ ದಾರಿಯಲ್ಲೇ ಮುಂದೆ ಹೋಗಿ ಡೊನೆಪೆಜಿಲ್ ಮಾತ್ರೆ ಬಂತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಸಣ್ಣ ಕಣ, ಕೊಬ್ಬಿನಲ್ಲಿ ಕರಗುತ್ತದೆ, ತಾನೇ ಬೇಲಿ ತೂರುತ್ತದೆ. 2007ರಲ್ಲಿ ರಿವಾಸ್ಟಿಗ್ಮಿನ್ ಎಂಬ ಮದ್ದನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ ತಂದರು, ಹೊಟ್ಟೆ ತೊಳಸುವುದು ಕಡಿಮೆಯಾಯಿತು. ಇವೆರಡೂ ನಮ್ಮ ದೇಶದಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಆಗುತ್ತದೆ. ಕಾಯಿಲೆ ಮಾತ್ರ ಒಳಗೆ ತನ್ನ ಪಾಡಿಗೆ ಮುಂದುವರಿಯುತ್ತದೆ.

ಕೊಬ್ಬರಿ ಎಣ್ಣೆಯ ವಿಚಾರ

ಆ ಮೆಸೇಜಿನ ಮೂಲ ಸುಳ್ಳಲ್ಲ. ಅಮೆರಿಕದ ಮೇರಿ ನ್ಯೂಪೋರ್ಟ್ ಎಂಬ ಮಕ್ಕಳ ವೈದ್ಯೆ, ಅಲ್ಝೈಮರ್ ಇದ್ದ ತಮ್ಮ ಗಂಡನಿಗೆ ಕೊಬ್ಬರಿ ಎಣ್ಣೆ ಕೊಟ್ಟಾಗ ಚೇತರಿಕೆ ಕಂಡಿತು ಎಂದು 2008ರಲ್ಲಿ ಬರೆದರು. ಅದರ ಹಿಂದಿನ ಯೋಚನೆಯೂ ದಡ್ಡತನದ್ದಲ್ಲ. ಈ ಕಾಯಿಲೆಯಲ್ಲಿ ಮೆದುಳಿಗೆ ಸಕ್ಕರೆಯನ್ನು ಸರಿಯಾಗಿ ಬಳಸಲು ಆಗುವುದಿಲ್ಲ. ಕೆಲವು ಬಗೆಯ ಕೊಬ್ಬು ಯಕೃತ್ತಿನಲ್ಲಿ ಕೀಟೋನ್ ಆಗುತ್ತದೆ, ಕೀಟೋನಿಗೆ ಬೇಲಿಯಲ್ಲಿ ತನ್ನದೇ ಬಾಗಿಲಿದೆ. ಅಂದರೆ ಮೆದುಳಿಗೆ ಬೇರೆ ಸೌದೆ ಸಿಕ್ಕಂತೆ.

ಆದರೆ ಒಂದು ಮನೆಯ ಅನುಭವ ಬೇರೆ, ನೂರಾರು ಜನರ ಮೇಲಿನ ಪರೀಕ್ಷೆ ಬೇರೆ. ಇದೇ ಜಾತಿಯ ಕೊಬ್ಬಿನಿಂದ ಮಾಡಿದ ಔಷಧಿಯ ದೊಡ್ಡ ಪರೀಕ್ಷೆ 2017ರಲ್ಲಿ ಫಲ ಕೊಡಲಿಲ್ಲ. ಕೊಬ್ಬರಿ ಎಣ್ಣೆ ಅಡುಗೆಗೆ ಇರಲಿ, ಅದನ್ನು ನಂಬಿ ಡಾಕ್ಟರ ಹತ್ತಿರ ಹೋಗುವುದನ್ನು ಆರು ತಿಂಗಳು ಮುಂದೂಡಿದರೆ ಆ ಆರು ತಿಂಗಳು ವಾಪಸ್ ಸಿಗುವುದಿಲ್ಲ.

ದೊಡ್ಡ ಮದ್ದು, ಸಣ್ಣ ಬಾಗಿಲು

ಈಗ ಜಗತ್ತೆಲ್ಲ ಮಾತಾಡುತ್ತಿರುವುದು ಅಮೈಲಾಯ್ಡ್ ಕಸವನ್ನೇ ಗುಡಿಸುವ ಪ್ರತಿಕಾಯಗಳ ಬಗ್ಗೆ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್, 2024ರ ಡೊನಾನೆಮ್ಯಾಬ್. ಲೆಕಾನೆಮ್ಯಾಬ್ ಪಡೆದವರಲ್ಲಿ 18 ತಿಂಗಳಲ್ಲಿ ಕಾಯಿಲೆ ಹೆಚ್ಚುವ ವೇಗ ಶೇ 27ರಷ್ಟು ಕಡಿಮೆಯಾಗಿತ್ತು. ಹೋದ ನೆನಪು ಬರಲಿಲ್ಲ, ಹೋಗುವುದು ನಿಧಾನವಾಯಿತು. ಆ ಪರೀಕ್ಷೆಯಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಕೆಲವರಿಗೆ ಮೆದುಳು ಊದಿಕೊಳ್ಳುತ್ತದೆ, ಸಣ್ಣ ರಕ್ತಸ್ರಾವ ಆಗುತ್ತದೆ, ಅದಕ್ಕೇ ಮತ್ತೆ ಮತ್ತೆ ಎಂಆರ್‌ಐ. ಬಂದಾಗ ಅಮೆರಿಕದಲ್ಲಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್, ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿಗೂ ಮೀರಿ.

ಇಲ್ಲೂ ಅಡ್ಡ ಬರುವುದು ಅದೇ ಬೇಲಿ. ಪ್ರತಿಕಾಯದ ಒಂದು ಕಣ ಡೊನೆಪೆಜಿಲ್ ಕಣಕ್ಕಿಂತ ಸುಮಾರು 400 ಪಟ್ಟು ಭಾರ. ರಕ್ತಕ್ಕೆ ಬಿಟ್ಟಿದ್ದರಲ್ಲಿ ಸಾವಿರಕ್ಕೆ ಒಂದು ಪಾಲು ಮೆದುಳು ಸೇರಿದರೆ ಹೆಚ್ಚು. ಉಳಿದದ್ದಕ್ಕೆಲ್ಲ ದುಡ್ಡು ಕೊಟ್ಟಿರುತ್ತೀರಿ.

ಹಾಗಾಗಿ ಹಳೆಯ ರಾಹುವಿನ ಉಪಾಯವೇ ಮತ್ತೆ ಬಂದಿದೆ. ಕಬ್ಬಿಣಾಂಶವನ್ನು ಒಳಗೆ ಕರೆದುಕೊಳ್ಳುವ ಬಾಗಿಲಿಗೆ ಹೊಂದುವ ಒಂದು ಕೊಂಡಿಯನ್ನು ಪ್ರತಿಕಾಯಕ್ಕೆ ಜೋಡಿಸುತ್ತಾರೆ. ಬಾಗಿಲು ಅದನ್ನು ಕಬ್ಬಿಣದ ಸಾಮಾನು ಎಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ. ರೋಶ್ ಕಂಪನಿಯ ಟ್ರಾಂಟಿನೆಮ್ಯಾಬ್ ಹೀಗೆ ಮಾಡಿದ ಮದ್ದು, ಇನ್ನೂ ಪರೀಕ್ಷೆಯಲ್ಲಿದೆ. ಇನ್ನೊಂದು ದಾರಿಯಲ್ಲಿ ತಲೆಯ ಹೊರಗಿನಿಂದ ಶಬ್ದದ ಅಲೆಗಳನ್ನು ಒಂದೇ ಜಾಗಕ್ಕೆ ಗುರಿಯಿಟ್ಟು ಬೇಲಿಯನ್ನು ಸ್ವಲ್ಪ ಹೊತ್ತು ಸಡಿಲಿಸುತ್ತಾರೆ. 2018ರಲ್ಲಿ ಕೆನಡಾದ ಟೊರಾಂಟೋದಲ್ಲಿ ಐದು ಅಲ್ಝೈಮರ್ ರೋಗಿಗಳಲ್ಲಿ ಇದನ್ನು ಮಾಡಿ ನೋಡಿದರು. ತೆರೆದ ಜಾಗ ಒಂದು ದಿನದೊಳಗೆ ತಾನೇ ಮುಚ್ಚಿಕೊಂಡಿತು. 2024ರ ಆರಂಭದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ವೈದ್ಯರು ಮೂವರು ರೋಗಿಗಳಲ್ಲಿ ಪ್ರತಿಕಾಯದ ಜೊತೆಗೆ ಇದನ್ನು ಮಾಡಿ, ಬೇಲಿ ತೆರೆದ ಕಡೆ ಕಸ ಹೆಚ್ಚು ಕಡಿಮೆಯಾಗಿದೆ ಎಂದು ತೋರಿಸಿದರು. ಮೂರೇ ಜನ, ಅದು ನೆನಪಿರಲಿ.

ನಶ್ಯ ಏರಿಸುವ ಅಜ್ಜಂದಿರಿಗೆ ಗೊತ್ತಿರುವ ದಾರಿ ಇನ್ನೊಂದಿದೆ, ಮೂಗು. ವಾಸನೆಯ ನರಗಳು ಮೂಗಿನ ಮೇಲ್ಭಾಗದಿಂದ ನೇರ ಮೆದುಳಿಗೆ ಹೋಗುವುದರಿಂದ ಅಲ್ಲಿ ಬೇಲಿಯನ್ನು ಸ್ವಲ್ಪ ಬಳಸಿಕೊಂಡು ಹೋಗಬಹುದು. ಮೂಗಿಗೆ ಸಿಂಪಡಿಸುವ ಇನ್ಸುಲಿನ್ ಮೇಲೆ ಬಹಳ ಆಸೆ ಇತ್ತು, 2020ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶ ಆ ಆಸೆಗೆ ತಣ್ಣೀರೆರಚಿತು.

ಬೆಂಗಳೂರಿನಲ್ಲಿ ನಡೆದದ್ದು

ನಮ್ಮ ರಾಜ್ಯವೂ ಈ ಕಥೆಯಲ್ಲಿದೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಟಿಜಿಆರ್63 ಎಂಬ ಸಣ್ಣ ಕಣವನ್ನು ತಯಾರಿಸಿದೆ. ಅದು ಇಲಿಗಳಲ್ಲಿ ಬೇಲಿ ದಾಟಿ ಅಮೈಲಾಯ್ಡ್ ಕಸವನ್ನು ಕಡಿಮೆ ಮಾಡಿತು ಎಂದು 2021ರಲ್ಲಿ ಸುದ್ದಿಯಾಯಿತು.

ನನಗೆ ಇದಕ್ಕಿಂತ ರುಚಿಸಿದ್ದು ಅಶ್ವಗಂಧದ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು 2012ರಲ್ಲಿ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಅಲ್ಝೈಮರ್ ಬರುವಂತೆ ಮಾಡಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ಕೊಟ್ಟರೆ ಮೆದುಳಿನ ಕಸ ಇಳಿಯುತ್ತಿತ್ತು, ಇಲಿಗಳು ದಾರಿ ನೆನಪಿಡುತ್ತಿದ್ದವು. ಆದರೆ ಸಾರ ಕೆಲಸ ಮಾಡಿದ್ದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ. ಅಲ್ಲಿ ಒಂದು ಪ್ರೋಟೀನು ಹೆಚ್ಚಾಗಿ, ಅದು ರಕ್ತದ ಕಸವನ್ನು ಹೀರಿಕೊಂಡು, ಅದರ ಸೆಳೆತಕ್ಕೆ ಮೆದುಳಿನ ಕಸ ತಾನೇ ಹೊರಗೆ ಹರಿದು ಬಂತು. ತೂಬು ಎತ್ತಿದರೆ ಕೆರೆ ಇಳಿದ ಹಾಗೆ. ಎಲ್ಲರೂ ಬೇಲಿ ದಾಟಿ ಒಳಗೆ ಹೋಗಲು ಹೆಣಗುತ್ತಿದ್ದಾಗ ಇವರು ಹೊರಗೆ ನಿಂತೇ ಎಳೆಯಬಹುದು ಎಂದು ತೋರಿಸಿದರು. ಇದು ಇಲಿಯ ಮಾತು. ಮನುಷ್ಯರಲ್ಲಿ ಅಶ್ವಗಂಧ ಅಲ್ಝೈಮರ್ ವಾಸಿ ಮಾಡುತ್ತದೆ ಎಂದು ಯಾರಾದರೂ ಡಬ್ಬಿ ಮಾರಲು ಬಂದರೆ, ಇಲಿಯಾ ಮನುಷ್ಯರಾ ಎಂದು ಕೇಳಿ.

ಇನ್ನೊಂದು ಬೇಲಿ

ಈಗ ಅರಳುಮರಳಿನ ಮಾತು. ಜಾವಗಲ್ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಸೊಸೆ ತನ್ನ ಮಾವನ ಬಗ್ಗೆ ಹೇಳಿದ್ದು ಹೀಗೆ: "ಮೊದ್ಲು ಕಾಯಿ ಎಣಿಸೋವಾಗ ಲೆಕ್ಕ ತಪ್ಪೋರು ಸಾರ್, ವಯಸ್ಸಾಯ್ತಲ್ಲ ಅಂತ ಸುಮ್ನಾದ್ವಿ. ಆಮೇಲೆ ತೋಟದಿಂದ ಮನೆಗೆ ಬರೋ ದಾರಿನೇ ತಪ್ಪೋರು. ಆಗ್ಲೂ ಗಾಳಿ ಸೋಕಿದೆ ಅಂದ್ರು." ಅವರು ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಮೇಲೆ ಹೇಳಿದ ಹೊಸ ಮದ್ದುಗಳೆಲ್ಲ ಕಾಯಿಲೆಯ ಮೊದಲ ಹಂತದವರಿಗೆ ಮಾತ್ರ. ಮೂರು ವರ್ಷ ಅರಳುಮರಳು ಎಂದು ಕಳೆದ ಮನೆಗೆ, ಬೇಲಿ ದಾಟುವ ಮದ್ದು ನಾಳೆ ಬಿಟ್ಟಿಯಾಗಿ ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ.

2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಅಥವಾ ಮರೆಗುಳಿ ಕಾಯಿಲೆ ಇದೆ. ಅದರಲ್ಲಿ ಅಲ್ಝೈಮರ್ ಒಂದು ಮುಖ್ಯ ಬಗೆ. ಪಟ್ಟಣದಲ್ಲಿ ಶೇ 5.3 ಇದ್ದರೆ ಹಳ್ಳಿಯಲ್ಲಿ ಶೇ 8.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣದವರ ಕಾಯಿಲೆ ಎಂಬ ಮಾತು ಇಲ್ಲಿಗೆ ಮುಗಿಯಿತು.

ಹಳ್ಳಿಯವರ ಮೆದುಳು ಹೇಗೆ ಮುಪ್ಪಾಗುತ್ತದೆ ಎಂದು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕನ್ನು ಆರಿಸಿಕೊಂಡಿದೆ. ಅಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ನೋಡಿಕೊಂಡು ಹೋಗುವ ಗುರಿ ಅವರದು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗಲೂ ಮೊದಲು ಸಿಕ್ಕಿದ್ದು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿಗೆ. ಜಿಲ್ಲಾ ಆಸ್ಪತ್ರೆಗಳಿಗೆ ವಿಸ್ತರಿಸುವ ಮಾತು ಆಮೇಲೆ ಬಂತು. ಅರೆಮಲೆನಾಡಿನ, ತೆಂಗು ಅಡಿಕೆ ಕಾಫಿಯ ಜನ ಆ ಲೆಕ್ಕದೊಳಗೆ ಬರಬೇಕು ಎಂದು ನಮ್ಮ ಪ್ರತಿನಿಧಿಗಳು ಕೇಳಬಹುದಿತ್ತು. ಈಗಲೂ ಕೇಳಬಹುದು.

ಅಲ್ಲಿಯವರೆಗೆ ಇರುವುದನ್ನು ಬಳಸಿಕೊಳ್ಳಬೇಕು. ಮರೆವೆಲ್ಲ ಅಲ್ಝೈಮರ್ ಅಲ್ಲ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸಿಗೆ ಖಿನ್ನತೆ ಹಿಡಿದರೂ ಮರೆವು ಬರುತ್ತದೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋವೈದ್ಯರು ಎಂದರೆ ಹುಚ್ಚಿಗೆ ಎಂದುಕೊಂಡು ಹಿಂಜರಿಯುವವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ಗೇ ಹೋಗಬೇಕಾಗಿ ಬಂದರೆ ಅರಸೀಕೆರೆ ಜಂಕ್ಷನ್‌ನಿಂದ ರೈಲಿದೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಮರೆವು ಯಾವಾಗ ಶುರುವಾಯಿತು, ಮೊದಲು ತಪ್ಪಿದ್ದು ಹೆಸರೋ ಲೆಕ್ಕವೋ ದಾರಿಯೋ, ಊಟ ನಿದ್ದೆ ಹೇಗಿದೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುವು. ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನೂ ಬರೆಯಿರಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಜೊತೆಗೆ, ದಿನಾ ಅವರ ಹತ್ತಿರ ಇರುವವರನ್ನೇ ಕರೆದುಕೊಂಡು ಹೋಗಿ. ಬೆಂಗಳೂರಿನಲ್ಲಿರುವ ಮಗನಿಗಿಂತ ಮನೆಯಲ್ಲಿರುವ ಸೊಸೆಗೆ ಹೆಚ್ಚು ಗೊತ್ತಿರುತ್ತದೆ.